ಹಸುಗೂಸಿಗೊಂದು ಹಳೆಯ ಸೀರೆ

ದುದ್ದದ ಕಡೆಯಿಂದ ಬರುವ ಮೊದಲ ಬಸ್ಸು ಹಾಸನ ಮುಟ್ಟುವಾಗ ಬೆಳಕು ಇನ್ನೂ ಪೂರ್ತಿ ಹರಿದಿರುವುದಿಲ್ಲ. ಪಾರ್ವತಮ್ಮ ಇಳಿದು, ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಉದ್ಯಾನದ ಕಾಂಪೌಂಡಿಗೆ ಒರಗಿಸಿಟ್ಟಿರುವ ಹಸಿರು ತಗಡಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ಊರಿನ ಕೆಲವು ವರ್ತಕರು ಸೇರಿ ಮಾಡಿಕೊಂಡ ಟ್ರಸ್ಟೊಂದು ಇಟ್ಟಿರುವ ದಾನದ ಪೆಟ್ಟಿಗೆ ಅದು. ಬೇಡದ ಬಟ್ಟೆಯನ್ನು ಜನ ಮೇಲಿನ ಕಿಂಡಿಯಿಂದ ಒಳಗೆ ಹಾಕಿ ಹೋಗುತ್ತಾರೆ. ಪಾರ್ವತಮ್ಮ ಅದೇ ಕಿಂಡಿಯೊಳಗೆ ಭುಜದವರೆಗೂ ಕೈ ಇಳಿಸಿ, ಕೆನ್ನೆಯನ್ನು ತಣ್ಣನೆಯ ತಗಡಿಗೆ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಾರೆ.

ಒಳಗೆ ಬೆರಳುಗಳು ಹುಡುಕುತ್ತಿರುತ್ತವೆ. ಜಾರಿದರೆ ಅದು ನೈಲಾನು, ಬಿಡುತ್ತಾರೆ. ಚುಚ್ಚಿದರೆ ಜರಿ, ಅದನ್ನೂ ಬಿಡುತ್ತಾರೆ. ಒಗೆದು ಒಗೆದು ಸವೆದ ಹತ್ತಿ ಸೀರೆ ತಾಗಿದಾಗ ಮಾತ್ರ ಮುಷ್ಟಿ ಬಿಗಿಯುತ್ತದೆ.

ಅಷ್ಟು ಹೊತ್ತಿಗೆ ವಾಕಿಂಗಿಗೆ ಬಂದ ಯಜಮಾನರೊಬ್ಬರು ನಿಂತು ಕೇಳುತ್ತಾರೆ: “ಏನಮ್ಮಾ, ಬೆಳಗ್ಗೆ ಬೆಳಗ್ಗೇನೇ ಶಾಪಿಂಗಾ?”

ಪಾರ್ವತಮ್ಮ ತಿರುಗುವುದಿಲ್ಲ. “ಊ ಸಾ. ನಿಮ್ಮನೆ ಬನೀನೂ ಸಿಕ್ತು. ಸೈಜ್ ಆಗಕಿಲ್ಲ ಅಂತ ಬುಟ್ಟೆ.”

ಯಜಮಾನರು ನಕ್ಕು ಮುಂದೆ ಹೋಗುತ್ತಾರೆ. ಇದು ಕಳೆದ ದೀಪಾವಳಿಯ ಆಸುಪಾಸಿನ ಮಾತು. ಆಗ ನಗುವವರಿದ್ದರು.

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ತೊಟ್ಟಿಲಿಗೆ ಹಾಕುವ ತನಕ ಹಳೆಯದೇ. ಮಕ್ಕಳು ಮೊಮ್ಮಕ್ಕಳನ್ನು ಕಂಡ ಅಜ್ಜಿಯ ಸೀರೆಯಾದರೆ ಅವಳ ಆಯಸ್ಸು ಕೂಸಿಗೂ ಬರುತ್ತದೆ ಎನ್ನುವ ನಂಬಿಕೆ. ಹೆತ್ತವರಿಗೆ ಗೊತ್ತಿರುವ ಇನ್ನೊಂದು ಕಾರಣವೂ ಇದೆ. ಹೊಸ ಬಟ್ಟೆಯ ಗಂಜಿ ಆ ಚರ್ಮಕ್ಕೆ ಒರಟು. ಸವೆದ ಸೀರೆ ಒದ್ದೆಯನ್ನು ಹೀರುತ್ತದೆ, ಬೇಗ ಒಣಗುತ್ತದೆ, ಎದೆಗೆ ಹಿಡಿದರೆ ಕೂಸಿನ ಬಿಸಿ ಅಮ್ಮನಿಗೆ ತಾಗುತ್ತದೆ. ಆದರೆ ಈಗ ಎಷ್ಟು ಮನೆಗಳಲ್ಲಿ ಹತ್ತಿ ಸೀರೆ ಹಳೆಯದಾಗುವಷ್ಟು ಕಾಲ ಉಳಿಯುತ್ತದೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಹಾಸನದ ಹೆರಿಗೆ ಆಸ್ಪತ್ರೆಗೆ ಬರುವವರಲ್ಲಿ ಬುಟ್ಟಿ ತುಂಬ ಹಳೆ ಬಟ್ಟೆ ತರುವವರಿದ್ದಾರೆ. ಕೆಲಸದ ಜಾಗದಿಂದ ನೇರ ಆಂಬುಲೆನ್ಸ್ ಹತ್ತಿದವರೂ, ಗಂಡನ ಮನೆಯವರು ಬಿಟ್ಟವರೂ, ತವರೇ ಇಲ್ಲದವರೂ ಇದ್ದಾರೆ. ಅವರ ಕೂಸು ಆಸ್ಪತ್ರೆಯ ಒಂದು ಟವೆಲ್ಲಿನಲ್ಲಿರುತ್ತದೆ. ಅದು ಒದ್ದೆಯಾದರೆ ಮುಂದಿನದು ಅಮ್ಮನ ಸೆರಗು. ಪಾರ್ವತಮ್ಮ ಇದನ್ನು ಹನ್ನೊಂದು ವರ್ಷ ಕಣ್ಣಾರೆ ಕಂಡವರು. ಅದೇ ಆಸ್ಪತ್ರೆಯಲ್ಲಿ ಗುತ್ತಿಗೆ ಆಯಾ ಆಗಿದ್ದರು. ಗುತ್ತಿಗೆ ಕೈ ಬದಲಾದಾಗ ಹೊಸಬರು ವಯಸ್ಸಾದವರನ್ನು ಬಿಟ್ಟರು. ಈಗ ಅಂಗಡಿ ಸಾಲು ಗುಡಿಸುತ್ತಾರೆ.

“ಕೆಲ್ಸ ಓಯ್ತು, ಕಣ್ಣು ಓಗ್ಲಿಲ್ಲ ಕಣಕ್ಕ,” ಎನ್ನುತ್ತಾರೆ. “ಇಲ್ಲಿ ಪೆಟ್ಗೇಲಿ ಬಟ್ಟೆ ಕೊಳೀತಾ ಬಿದ್ದದೆ. ಅಲ್ಲಿ ಮೊಗ ಒದ್ದೇಲಿ ಮನಗದೆ. ಮಧ್ಯಕ್ಕೆ ಒಂದು ರೋಡು.”

ದುದ್ದದ ಮನೆಯ ಹಿತ್ತಲಲ್ಲಿ ಸಂಜೆ ಹಂಡೆಗೆ ನೀರು ತುಂಬಿಸಿ ಉರಿ ಹಾಕುವುದು ಗಂಡ ತಮ್ಮಯ್ಯ. ಸೀರೆಗಳು ಸೋಪಿನ ಪುಡಿಯಲ್ಲಿ ಕುದಿಯುತ್ತವೆ. ಬಿಸಿಲಿಗೆ ಗರಿಗರಿ ಒಣಗಿದ ಮೇಲೆ ಒಂದು ಸೀರೆಯನ್ನು ನಾಲ್ಕು ತುಂಡು ಮಾಡಿ ಮಡಿಸುತ್ತಾರೆ. “ಊರೋರ್ ಸೀರೆ ಒಗ್ಯಕೆ ನನ್ ಮದ್ವೆ ಆದ್ಲು,” ಎಂದು ತಮ್ಮಯ್ಯ ರೇಗಿಸುತ್ತಾರೆ. “ನಿನ್ ಪಂಚೆ ಮಾತ್ರ ಒಂದಿನಾನೂ ಕುದ್ಸಿಲ್ಲ ಸುಮ್ಕಿರು,” ಎಂದು ಇವರು.

ತುಂಡುಗಳನ್ನು ಪಾರ್ವತಮ್ಮ ಯಾರ ಕೈಗೂ ಕೊಡುವುದಿಲ್ಲ. ಮೊದಲು ಕೊಡುತ್ತಿದ್ದರು. ಒಂದು ದಿನ ಬಾಣಂತಿಯ ಅತ್ತೆಯೊಬ್ಬರು ಬಟ್ಟೆ ಹಿಡಿದುಕೊಂಡೇ, “ಯಾವ ಕಡೆಯೋರು ನೀವು?” ಎಂದು ಕೇಳಿದರು. ಇವರು ಊರ ಹೆಸರು ಹೇಳಿದರು. “ಊರಲ್ಲ, ಜನ ಯಾವ್ದು ಅಂದೆ,” ಎಂದರು. ಪಾರ್ವತಮ್ಮ ಹೇಳಿದ ಮೇಲೆ ಬಟ್ಟೆ ಬೆಂಚಿನ ಮೇಲೆ ಬಿತ್ತು. ಅಂದಿನಿಂದ ವಾರ್ಡಿನ ಹೊರಗಿನ ಕಿಟಕಿಯ ಸರಳಿಗೆ ಬಟ್ಟೆ ಸಿಕ್ಕಿಸಿ ಹೊರಟುಬಿಡುತ್ತಾರೆ. ಬೇಕಾದವರಿಗೆ ಹೇಳುವುದು ಒಳಗಿರುವ ಆಯಾ ನಂಜಮ್ಮ, ಹಳೆಯ ಜೊತೆಗಾತಿ. “ಕಿಟ್ಕೀಲಿ ಐತೆ, ತಕಳವ್ವ,” ಎನ್ನುತ್ತಾರೆ, ಅಷ್ಟೆ. ಕಿಟಕಿಯ ಜಾತಿ ಕೇಳುವವರಿಲ್ಲ.

ಪೆಟ್ಟಿಗೆಯಲ್ಲಿ ಪಾರ್ವತಮ್ಮ ಮುಟ್ಟದೆ ಬಿಡುವ ಗಂಟೂ ಒಂದಿದೆ. “ಸೀರೆ ಜೊತೀಗೆ ಕನ್ನಡ್ಕ, ಗುಳ್ಗೆ ಶೀಟು ಇದ್ರೆ ಅದು ತೀರ್ಕಂಡೋರ್ದು. ತಿಥಿ ಮುಗ್ದೇಟ್ಗೆ ತಂದು ಆಕ್ಬುಡ್ತಾರೆ. ಅದ್ನ ಅಂಗೇ ಮಡಗ್ತೀನಿ. ಮೊಗೀಗೆ ಸುತ್ತಾದಲ್ವಾ?”

ಆದರೆ ಗಂಟು ಬಿಚ್ಚಿ, ಕನ್ನಡಕ ತೆಗೆದು, ಸೀರೆಯೊಂದನ್ನೇ ಹಾಕಿದವರಿದ್ದರೆ?

ಪುಷ್ಯದ ಚಳಿಯಲ್ಲಿ ಮಲ್ಲಿಪಟ್ಟಣದ ಕಡೆಯ ಧನ್ಯಾ ಎಂಬ ಹುಡುಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಮಗು, ತೂಕ ತೀರ ಕಡಿಮೆ. ಕಿಟಕಿಯ ನೀಲಿ ಚೌಕಳಿ ಸೀರೆಯ ತುಂಡನ್ನು ನಂಜಮ್ಮನೇ ತಂದು ಸುತ್ತಿದರು. ಮಗು ಮೂರು ದಿನ ಉಸಿರಿಗಾಗಿ ಹೆಣಗಿ ತೀರಿಕೊಂಡಿತು. ಶ್ವಾಸಕೋಶ ಬಲಿತಿರಲಿಲ್ಲ ಎಂದು ಡಾಕ್ಟರು ಹೇಳಿದರು. ದುಃಖದಲ್ಲಿದ್ದ ಮನೆಯವರಿಗೆ ಆ ಮಾತು ಸಾಕಾಗಲಿಲ್ಲ. ಗಂಡನ ಸೋದರತ್ತೆ ಬಟ್ಟೆ ಹಿಡಿದು ಕೇಳಿದರು, ಇದು ಯಾರ ಸೀರೆ? ನಂಜಮ್ಮ ಸುಳ್ಳು ಹೇಳಲಿಲ್ಲ. ಪೆಟ್ಟಿಗೆಯದು ಎಂದರು. “ಯಾವಳೋ ಸತ್ತವಳ ಸೀರೆ ಸುತ್ತಿ ನಮ್ಮ ಕೂಸನ್ನ ಅವಳ ಹಿಂದೇನೇ ಕಳಿಸಿದ್ರಿ,” ಎಂದು ಅವರು ಗೋಳಾಡಿದ್ದು ವಾರ್ಡಿಗೆಲ್ಲ ಕೇಳಿಸಿತು.

ಮಣ್ಣು ಮಾಡುವಾಗ ಆ ಬಟ್ಟೆಯನ್ನು ಎಸೆಯಬೇಕೆಂದು ಹಿರಿಯರು ಕಿತ್ತುಕೊಳ್ಳಲು ಹೋದರಂತೆ. ಧನ್ಯಾ ಬಿಡಲಿಲ್ಲ. “ಅದು ಬಿಟ್ರೆ ನನ್ನ ಮಗ ಇನ್ನೇನೂ ಉಟ್ಟಿಲ್ಲ,” ಎಂದಳಂತೆ. ಅದರಲ್ಲೇ ಸುತ್ತಿ ಕಳಿಸಿದರು. ಇದನ್ನು ನಂಜಮ್ಮ ಹೇಳುವಾಗ ಪಾರ್ವತಮ್ಮ ಎದ್ದು ಹಂಡೆಯ ಉರಿ ಸರಿಮಾಡಲು ಹೋಗುತ್ತಾರೆ. ಒಲೆಯಲ್ಲಿ ಉರಿ ಇಲ್ಲ.

“ಅಲ್ಲ ಅಂತ ಎಂಗೆ ಯೋಳ್ಲಿ?” ಎನ್ನುತ್ತಾರೆ ವಾಪಸು ಬಂದು. “ಸತ್ತೋರ್ದೋ ಬದ್ಕಿರೋರ್ದೋ ಸೀರೆ ಮ್ಯಾಲೆ ಬರ್ದಿರ್ತದಾ? ಒಂಟಿ ಸೀರೆ, ಮೆತ್ಗಿತ್ತು, ತಂದೆ. ಆಣೆ ಮಾಡ್ಲಾ? ಮಾಡಕಾಗಕಿಲ್ಲ ನನ್ ಕೈಲಿ.”

ಆ ಮನೆಯ ನೆಂಟರಲ್ಲಿ ಯಾರೋ ಮರುದಿನ ನಸುಕಿನಲ್ಲೇ ಬಂದು, ಪೆಟ್ಟಿಗೆಯೊಳಗೆ ಭುಜದವರೆಗೆ ಕೈಯಿಟ್ಟ ಪಾರ್ವತಮ್ಮನ ಫೋಟೊವನ್ನು ಫೋನಿನಲ್ಲಿ ಹಿಡಿದರು. ‘ಸತ್ತವರ ಬಟ್ಟೆ ಕದ್ದು ಬಾಣಂತಿಯರಿಗೆ ಕೊಡುವ ಹೆಂಗಸು’ ಎಂದು ಕೆಳಗೆ ಬರೆದಿತ್ತು. ಊರಿನ ಫೋನುಗಳಲ್ಲೆಲ್ಲ ಅದು ಸುತ್ತಿತು. ದುದ್ದದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಬನೀನಿನ ಯಜಮಾನರು ಈಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ.

ಟ್ರಸ್ಟಿನ ರುದ್ರೇಶ ಅವರದು ಪಾತ್ರೆ ಅಂಗಡಿ. ಕೆಟ್ಟ ಮನುಷ್ಯರಲ್ಲ. ಪಾರ್ವತಮ್ಮನನ್ನು ಕೂರಿಸಿ, ಟೀ ತರಿಸಿಯೇ ಮಾತಾಡಿದ್ದಾರೆ.

“ನೋಡಮ್ಮ, ಜನ ನಮ್ಮ ಮೇಲೆ ನಂಬಿಕೆ ಇಟ್ಟು ಕೊಡ್ತಾರೆ. ಯಾರ್ಯಾರೋ ಕೈ ಹಾಕಿದ್ರೆ ನಾಳೆ ಯಾರೂ ಕೊಡಲ್ಲ. ಹೊಸ ಪೆಟ್ಟಿಗೆ ತರಿಸ್ತಿದೀವಿ. ಬಟ್ಟೆ ಒಳಗೆ ಹೋಗುತ್ತೆ, ಕೈ ಹೋಗಲ್ಲ.”

“ನೀವು ಅದ್ನೆಲ್ಲ ಏನ್ ಮಾಡ್ತೀರಿ ಸಾ?”

“ಚೆನ್ನಾಗಿರೋದನ್ನ ಇಸ್ತ್ರಿ ಮಾಡಿಸಿ ಹಂಚ್ತೀವಿ. ಸವೆದಿದ್ದು, ಹರಿದಿದ್ದು ಕಸದ ಗಾಡಿಗೆ.”

“ಒಳ್ಳೇದು ನಂಗೂ ಬ್ಯಾಡ ಸಾ. ಆ ಕಸದ ಗಾಡಿಗೆ ಆಕೋದೇ ಕೊಡಿ.”

ರುದ್ರೇಶ ಟೀ ಲೋಟ ಕೆಳಗಿಟ್ಟರು. “ಹರಿದ ಬಟ್ಟೆ ದಾನ ಕೊಟ್ರು ಅಂತ ಕೆಟ್ಟ ಹೆಸರು ಬರುತ್ತಮ್ಮ. ಅದೂ ಆ ಮಗು ವಿಷಯ ಆದ ಮೇಲೆ. ಮೀಟಿಂಗಲ್ಲಿ ಇಟ್ಟು ನೋಡ್ತೀನಿ.”

ಹೊಸ ಪೆಟ್ಟಿಗೆ ಬಂದಿದೆ. ಕಿಂಡಿಯ ಒಳಗೆ ತಿರುಗುವ ತಗಡಿದೆ, ಮೇಲೊಂದು ಕ್ಯಾಮೆರಾ. ‘ಹರಿದ, ಸವೆದ ಬಟ್ಟೆ ಹಾಕಬೇಡಿ’ ಎಂಬ ಬೋರ್ಡೂ ಇದೆ. ಪಾರ್ವತಮ್ಮ ಈಗ ಕೈ ಹಾಕುವುದಿಲ್ಲ. ಗುಡಿಸುವ ಕೆಲಸಕ್ಕೆ ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು, ಬಟ್ಟೆ ತಂದವರನ್ನು ಕೇಳುತ್ತಾರೆ: “ಅಳೇ ಅತ್ತಿ ಸೀರೆ ಇದ್ರೆ ಕೊಡ್ತೀರಾ ಅಕ್ಕ?” ಕೆಲವರು ಚಿಲ್ಲರೆ ಹುಡುಕುತ್ತಾರೆ. ಕೆಲವರು ಮುಖ ನೋಡಿ, ಗುರುತು ಹಿಡಿದು, ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿಯುತ್ತಾರೆ. ಮೀಟಿಂಗು ಇನ್ನೂ ಆಗಿಲ್ಲ.

ಸಂಜೆ ಹಿತ್ತಲಿನ ತಂತಿಯ ಮೇಲೆ ಒಂದೇ ಸೀರೆ. ಮುಂಚೆ ಕುದಿಸಿ ಇಟ್ಟಿದ್ದರಲ್ಲಿ ಉಳಿದ ಕೊನೆಯದು, ಬಣ್ಣ ಹೋಗಿ ಇನ್ನೇನು ಬಿಳಿಯೇ ಆಗಿರುವ ಹಸಿರು. ಯಾರೂ ಇಲ್ಲದ ಇಬ್ಬರು ಬಾಣಂತಿಯರು ವಾರ್ಡಿಗೆ ಬಂದಿದ್ದಾರೆ ಎಂದು ನಂಜಮ್ಮ ಮಧ್ಯಾಹ್ನ ಫೋನು ಮಾಡಿದ್ದರು. ಕಿಟಕಿ ಈಗಲೂ ತೆರೆದೇ ಇದೆಯಂತೆ.

“ಎಲ್ಲಾನೂ ಕೊಟ್ಬುಟ್ರೆ ನಾಳಿಕ್ಕೇನಮ್ಮಿ?” ಎನ್ನುತ್ತಾರೆ ತಮ್ಮಯ್ಯ.

ಪಾರ್ವತಮ್ಮ ಸೀರೆಯನ್ನು ನಾಲ್ಕು ಮಡಿಕೆ ಮಾಡುತ್ತಾರೆ. ಅಂಗೈಯಲ್ಲಿ ಸವರಿ, ಇನ್ನೊಂದು ಸಲ ಮಡಿಸುತ್ತಾರೆ. ಎಂಟು. ಅಂಚಿಗೆ ಹಲ್ಲು ತಾಗಿಸಿ ಎಳೆದರೆ, ಸವೆದ ಬಟ್ಟೆ ಸದ್ದೇ ಇಲ್ಲದೆ ಹರಿಯುತ್ತದೆ.

“ಚಿಕ್ದಾದ್ರೂ ಆಯ್ತದೆ ಬುಡು,” ಎನ್ನುತ್ತಾರೆ. “ಅವೇನು ದೊಡ್ಡೋವಾ?”