ಗೂಟದ ಕಡೆಗೊಂದು ಸಲಾಂ

ಸಂಜೆ ದೀಪ ಹಚ್ಚಿದ ಕೂಡಲೇ ಮನೆಯವರೆಲ್ಲ ಒಬ್ಬರಿಗೊಬ್ಬರು ಸಲಾಂ ಹೇಳುವುದು ನಮ್ಮ ಕ್ರೈಸ್ತರ ಮನೆಯ ರೂಢಿ. ನಾನು ಸವಣೂರಿಗೆ ಸೊಸೆಯಾಗಿ ಬಂದಾಗ ಊರಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಮಾವ ಆ ನಾಲ್ಕಾರು ಮನೆಗಳಿಗೆ ಪ್ರಾರ್ಥನೆ ನಡೆಸುವ ಉಪದೇಶಿ. ಅತ್ತೆ ಕಂದೀಲು ಹಚ್ಚಿ ಮೊದಲು ಮಾವನಿಗೆ, ಆಮೇಲೆ ನನಗೆ ಸಲಾಂ ಹೇಳಿ, ಕೊನೆಗೆ ಗೋಡೆಯ ಗೂಟದತ್ತ ತಿರುಗಿ, “ಸಲಾಂ, ಮಗನ” ಅನ್ನುತ್ತಿದ್ದರು. ಗೂಟದಲ್ಲಿ ನನ್ನ ಗಂಡನ ಕರಿ ಕೋಟು ತೂಗುತ್ತಿತ್ತು. ಮಹಾಯುದ್ಧ ಬಂದು ಅವರು ಸೈನ್ಯದ ಲಾರಿ ಓಡಿಸಲು ಬರ್ಮಾದ ಕಡೆ ಹೋಗಿದ್ದರು. ಉತ್ತರ ಬರುವಷ್ಟು ಹೊತ್ತು ಕಾದು ಅತ್ತೆ ಪ್ರಾರ್ಥನೆಗೆ ಕೂರುತ್ತಿದ್ದರು.

ಆ ಕಾಯುವಿಕೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಕೊನೆಯ ಕಾಗದ ಬಂದು ಹತ್ತು ತಿಂಗಳಾಗಿತ್ತು. ಅಂಚೆಯವನು ನಮ್ಮ ಮನೆ ದಾಟುವಾಗ ಮುಖ ಆಚೆ ತಿರುಗಿಸಿ ನಡೆಯುತ್ತಿದ್ದ. ಬರ್ಮಾದ ಕಾಡಿನಲ್ಲೂ ನಿನ್ನ ಬೆಳಕಿದೆ ತಂದೆಯೇ ಎಂದು ಮಾವ ದಿನವೂ ಪ್ರಾರ್ಥಿಸುತ್ತಿದ್ದರು. ನಾನು ಬರೀ ತುಟಿ ಆಡಿಸಿ ಆಮೆನ್ ಅನ್ನುತ್ತಿದ್ದೆ. ದೇವರ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಂತ ಬೆಳಕನ್ನು ನಾನು ನಂಬಿರಲಿಲ್ಲ ಅಂತಲ್ಲ. ನಾನು ನಂಬಿದ ಬೆಳಕು ಬಾಟಲಿಯಲ್ಲಿತ್ತು. ಯುದ್ಧ ಶುರುವಾದ ಮೇಲೆ ಚಿಮಣಿ ಎಣ್ಣೆ ರೇಷನ್ನಿನಲ್ಲಿ, ಅದೂ ತೀರ್ಥದಷ್ಟು ಸಿಗುತ್ತಿತ್ತು. ಕಂದೀಲಿಗೆ ಸುರಿಯುವಾಗ ದಿನಾ ಒಂದಿಷ್ಟು ಕದ್ದು ಬೇರೆ ಬಾಟಲಿಗೆ ಹಾಕುತ್ತಿದ್ದೆ. ಗಂಡ ಬರುವ ಸಂಜೆ ಕಂದೀಲು ತುಂಬಿ ಬಾಗಿಲ ಹೊರಗೆ ತೂಗುಹಾಕಬೇಕು, ಓಣಿಯ ತುದಿಯಿಂದಲೇ ಅವರಿಗೆ ಮನೆ ಕಾಣಬೇಕು. ಬಾಟಲಿ ತುಂಬುವುದರೊಳಗೆ ಬಂದೇ ಬರುತ್ತಾರೆ ಎಂದು ನನಗೆ ನಾನೇ ಕರಾರು ಮಾಡಿಕೊಂಡಿದ್ದೆ. ಯಾರಿಗೂ ಕಾಣದಿರಲೆಂದು ಅದನ್ನು ಜೋಳದ ಕಣಜದಲ್ಲಿ ಹುಗಿದಿಟ್ಟೆ. ಬಿರಡೆಯ ಬದಲು ಅರಿವೆ ತುರುಕಿದ್ದೆ, ಜಾಣೆ!

ಎಣ್ಣೆ ಜಿನುಗಿ ಜೋಳಕ್ಕೆ ಇಳಿಯಿತು. ರೊಟ್ಟಿ ಚಿಮಣಿ ಎಣ್ಣೆ ನಾರಿತು. ಅತ್ತೆ ಜೋಳ ಕೊಟ್ಟ ಅಂಗಡಿಯವನ ವಂಶವನ್ನೇ ಜಾಲಾಡಿದರು. ಮಾವ ಮೂರು ದಿನ ತುಟಿ ಪಿಟಕ್ಕೆನ್ನದೆ ತಿಂದರು.

ಆ ಮೂರನೆಯ ದಿನವೇ ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು ಬಂತು. ಅವರು ಚಕ್ಕಡಿಯ ಗಾಲಿ ಮಾಡುವ ಮುಸಲ್ಮಾನರು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಹೊತ್ತು ಮುಳುಗುವಾಗ ಸೂಲಗಿತ್ತಿ ನಮ್ಮ ಬಾಗಿಲಿಗೆ ಓಡಿ ಬಂದಳು.

“ಕೂಸು ಕಾಲ ಮುಂದ ಮಾಡೇತ್ರಿ. ಹಣತಿ ಬೆಳಕಿನ್ಯಾಗ ಏನೂ ಕಾಣವಲ್ದು. ನಿಮ್ಮ ಕಂದೀಲ ಕೊಡ್ರಿ.”

ಅತ್ತೆ ಕಂದೀಲು ಅಲುಗಾಡಿಸಿ ನೋಡಿದರು. “ಒಂದು ಹನಿ ಎಣ್ಣಿ ಇಲ್ಲವ್ವಾ. ರೇಷನ್ ಬಂದಿಲ್ಲ.”

ಮಾವ ನನ್ನ ಕಡೆ ನೋಡಲಿಲ್ಲ, ರೊಟ್ಟಿಯ ಬುಟ್ಟಿ ನೋಡಿದರು. “ಮೂರು ದಿನದಿಂದ ನಮ್ಮ ರೊಟ್ಟಿ ಕಡ್ಡಿ ಗೀರಿದ್ರ ಹತ್ಗೋತಾವು. ಎಣ್ಣಿ ಮನ್ಯಾಗ ಎಲ್ಲ್ಯರ ಇರಾಕ ಬೇಕು.”

ನಾನು ನಿಂತಲ್ಲೇ ನಿಂತೆ. ಆ ಬಾಟಲಿ ಕೊಟ್ಟರೆ ಗಂಡ ಬರುವುದಿಲ್ಲ ಎಂದು ನಾನೇ ಒಪ್ಪಿ ಸಹಿ ಹಾಕಿದಂತೆ ಅನಿಸಿತು. ಗೋಡೆಯ ಆಚೆ ಆ ಹುಡುಗಿ ನರಳಿದಳು. ಕಣಜಕ್ಕೆ ಕೈ ಹಾಕಿದೆ.

ತುಂಬಿದ ಕಂದೀಲು ಆಚೆ ಮನೆಗೆ ಹೋಯಿತು. ನಮ್ಮ ಮನೆ ಕತ್ತಲಾಯಿತು. ದೀಪವಿಲ್ಲದೆ ಸಲಾಂ ಹೇಳಿ ಅತ್ತೆಗೆ ರೂಢಿಯಿಲ್ಲ, ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ನಡುಗೋಡೆ ಮತ್ತು ಮಾಡಿನ ನಡುವಿನ ಸಂದಿಯಿಂದ ಬೆಳಕಿನ ಒಂದು ಪಟ್ಟಿ ಈಚೆ ಇಳಿದು ಎದುರು ಗೋಡೆಯ ಮೇಲೆ ಬಿತ್ತು. ಕೋಟಿನ ಗುಂಡಿಗಳು ಕಂಡವು.

“ಹಚ್ಚಿದಂಗ ಆತಲ್ಲ,” ಎಂದು ಅತ್ತೆ ಎದ್ದರು. ಮಾವನಿಗೆ, ನನಗೆ, ಗೂಟಕ್ಕೆ ಸಲಾಂ ಹೇಳಿದರು. ಎಂದಿನಂತೆ ಕಾದರು. ನನಗೆ ತಡೆಯಲಾಗಲಿಲ್ಲ. “ಸಲಾಂ, ಅವ್ವಾ,” ಎಂದೆ, ಗಂಡ ಹೇಳುತ್ತಿದ್ದ ಹಾಗೆಯೇ. ನಾವು ಪ್ರಾರ್ಥನೆ ಮುಗಿಸಿ ಏಳುವ ಮೊದಲೇ ಆಚೆ ಕೂಸು ಅತ್ತಿತು. ನಾನೂ ಅತ್ತುಬಿಟ್ಟೆ.

ಅಂದಿನಿಂದ ಗೂಟದ ಪರವಾಗಿ ಉತ್ತರ ಕೊಡುವುದು ನನ್ನ ಕೆಲಸವಾಯಿತು. ಹುಟ್ಟಿದ್ದು ಹೆಣ್ಣು ಕೂಸು. ನಡೆಯಲು ಕಲಿತದ್ದೇ ತಡ, ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮಲ್ಲಿಗೆ ಬಂದು ಕೋಟಿನ ಕೆಳಗೆ ಕೂತುಬಿಡುತ್ತಿತ್ತು.

ಯುದ್ಧ ಮುಗಿಯಿತು. ಗಂಡ ಬರಲಿಲ್ಲ, ಸರಕಾರದ ಒಂದು ಕಾಗದ ಬಂತು. ಮಾವ ಅದನ್ನು ಎರಡು ಸಲ ಓದಿ ಮಡಚಿಟ್ಟರು. ಆ ಸಂಜೆಯೂ ಅತ್ತೆ ಕಂದೀಲು ಹಚ್ಚಿದರು. ಮಾವನಿಗೆ ಹೇಳಿದರು, ನನಗೆ ಹೇಳಿದರು. ಇಲ್ಲಿಗೆ ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ, ಗೂಟದತ್ತ ತಿರುಗಿದರು.

“ಸಲಾಂ, ಮಗನ.”

ನಾನು ಮಡಚಿಟ್ಟ ಆ ಕಾಗದವನ್ನೇ ನೋಡುತ್ತಿದ್ದೆ. ಅತ್ತೆ ಕಾಯುತ್ತಲೇ ಇದ್ದರು. ಕೋಟಿನ ಕೆಳಗೆ ರೊಟ್ಟಿ ಕಡಿಯುತ್ತ ಕೂತಿದ್ದ ಕೂಸು ನನ್ನ ಮುಖ ನೋಡಿತು, ಅತ್ತೆಯ ಮುಖ ನೋಡಿತು. ತುಂಬಿದ ಬಾಯಲ್ಲೇ, “ಸಲಾಂ, ಅವ್ವಾ,” ಎಂದಿತು.

ಮಾವ ಪ್ರಾರ್ಥನೆ ಶುರು ಮಾಡಿದರು. ಬರ್ಮಾದ ಕಾಡಿನಲ್ಲೂ ನಿನ್ನ ಬೆಳಕಿದೆ ತಂದೆಯೇ ಎಂದರು, ಎಂದಿನ ದನಿಯಲ್ಲೇ. ನಾನು ಗಟ್ಟಿಯಾಗಿ ಆಮೆನ್ ಅಂದೆ.