ಅತ್ತೆಯ ಕಿವಿಗೆ ಆಂಪ್ಲಿಫೈಯರ್ ಬೇಕಿತ್ತೇ?

ನಮ್ಮ ಮುಳಬಾಗಿಲಿನ ಮನೆಯಲ್ಲಿ ನಾನೂ ನನ್ನವರೂ ಮಾತು ಬಿಡುವಷ್ಟು ಜಗಳವಾಡಿದ್ದು ಒಂದೇ ವಿಷಯಕ್ಕೆ. ಬೆಂಕಿಪೊಟ್ಟಣದಷ್ಟಿದ್ದ ಡ್ಯಾಕ್ ಎಂಬ ಡಬ್ಬಿಗೆ ಬೇರೆ ಆಂಪ್ಲಿಫೈಯರ್ ಬೇಕೋ ಬೇಡವೋ! ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ದಿನಗಳು. ಆ ಡ್ಯಾಕ್ ನನ್ನದು. ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರೊಳಗಿನ ಹಾಡನ್ನು ಹೆಡ್‌ಫೋನಿಗೆ ಚೊಕ್ಕವಾಗಿ ದಾಟಿಸುತ್ತಿತ್ತು. ಅಂಗಡಿಯವರ ಲೆಕ್ಕಪತ್ರ ಮನೆಯಲ್ಲೇ ಕೂತು ಬರೆಯುವ ನನಗೆ ಕಿವಿಯಲ್ಲಿ ಹಾಡಿಲ್ಲದಿದ್ದರೆ ಕೈ ಓಡುತ್ತಿರಲಿಲ್ಲ.

ಜಗಳ ಮಾತ್ರ ನನ್ನ ಹಾಡಿನದ್ದಲ್ಲ. ಮಾವನವರು ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಮೊದಲ ಯುಗಾದಿ ಅದು. ಪ್ರತಿ ಯುಗಾದಿಗೂ ಮನೆಮಂದಿಯನ್ನು ಕೂರಿಸಿಕೊಂಡು ಪಂಚಾಂಗ ಓದುತ್ತಿದ್ದವರು ಅವರು. ಒಂದು ವರ್ಷ ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ನಾನು ಕಂಪ್ಯೂಟರಿಗೆ ಇಳಿಸಿಟ್ಟಿದ್ದೆ. ಕಿವಿ ಕೊಂಚ ಮಂದವಾಗಿದ್ದ ಅತ್ತೆಗೆ ಈಗ ಅದೇ ಬೇಕು.

"ಹಳೇ ವರ್ಷದ್ದಾದ್ರೂ ಪರ್ವಾಗಿಲ್ಲ ಕಣೇ. ಅವ್ರ ದನೀಲಿ ಕೇಳ್ದಿದ್ರೆ ಅದೆಂಥಾ ಯುಗಾದಿ?" ಅಂದುಬಿಟ್ಟರು.

ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ಅತ್ತೆಯ ಪೂಜೆ ಮುಗಿದ ಮೇಲೆ ನನ್ನವರು ಹೆಡ್‌ಫೋನ್ ಕೊಟ್ಟು ಕೇಳಿಸಿ ನೋಡಿದರು. ನಾನು ಒಲೆಯ ಮುಂದಿದ್ದೆ. ಅತ್ತೆಗೆ ಏನೂ ಸರಿಯಾಗಿ ಕೇಳಿಸಲಿಲ್ಲವಂತೆ.

"ನಿನ್ ಡಬ್ಬಿಗೆ ದಮ್ಮಿಲ್ಲ ಕಣೇ. ಬೇರೆ ಆಂಪ್ಲಿಫೈಯರ್ ಬೇಕು," ಎಂದು ನನ್ನವರು ತೀರ್ಪು ಕೊಟ್ಟರು.

"ಅದ್ರೊಳಗೇ ಒಂದು ಸಣ್ಣದು ಇದೆ ರೀ. ಈ ಹೆಡ್‌ಫೋನಿಗೆ ಅಷ್ಟು ಸಾಕು. ಅರ್ಧಕ್ಕಿಟ್ರೇ ನನ್ ಕಿವಿ ತೂತಾಗುತ್ತೆ."

"ನಿನ್ ಕಿವಿ ಬೇರೆ, ಅಮ್ಮನ್ ಕಿವಿ ಬೇರೆ."

ಬೆಂಗಳೂರಿಗೆ ಹೋಗಿ ಆಂಪ್ಲಿಫೈಯರ್ ತಂದೇಬಿಟ್ಟರು. ನಾನು ಹಬ್ಬದವರೆಗೂ ಮುಖ ಊದಿಸಿಕೊಂಡೇ ಓಡಾಡಿದೆ.

ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ, ಪೂಜೆ, ಬೇವುಬೆಲ್ಲ ಎಲ್ಲ ಆಯಿತು. ಅತ್ತೆ ಮಡಿಯಲ್ಲೇ ಬಂದು ಮಣೆಯ ಮೇಲೆ ಕೂತು, ನಮಗೆ ಬೆನ್ನು ಮಾಡಿ ಹೆಡ್‌ಫೋನ್ ಏರಿಸಿಕೊಂಡರು. ನನ್ನವರು ಆಂಪ್ಲಿಫೈಯರಿನ ಗುಂಡಿ ತಿರುಗಿಸಿದರು. ಅತ್ತೆ ಬೆಚ್ಚಿಬಿದ್ದು ಹೆಡ್‌ಫೋನನ್ನು ಕಿತ್ತು ಕೆಳಗಿಟ್ಟರು.

"ಯಾರೋ ಇದು, ಹೀಗ್ ಕಿರುಚೋದು? ನಿಮ್ಮಪ್ಪ ಅಲ್ಲ ಕಣೋ!" ಎಂದವರು ಕೆಳಗಿಟ್ಟಿದ್ದನ್ನೇ ನೋಡುತ್ತ, "ಅವ್ರ ದನೀನೇ ಮರ್ತೋಯ್ತೇನೋ ನಂಗೆ?" ಅಂದರು. ಕಣ್ಣಲ್ಲಿ ನೀರು ತುಂಬಿತ್ತು.

ಸಮಾಧಾನ ಮಾಡಲು ಹತ್ತಿರ ಹೋದಾಗ ನೋಡಿದೆ. ಅವರ ಎರಡು ಕಿವಿಯನ್ನೂ ಮಡಿಸೀರೆಯ ಸೆರಗು ದಪ್ಪಗೆ ಮುಚ್ಚಿತ್ತು.

"ಅತ್ತೆ, ಕಿವಿಗೆ ಸೆರಗು ಯಾಕೆ?"

"ಅದ್ರ ಮೆತ್ತೆ ತೊಗಲಲ್ವೇನೇ? ಮಡೀಲಿ ಮುಟ್ಟಿಸ್ಕೊಳ್ಳೋದಾ?"

ಅಯ್ಯೋ ರಾಮ! ಅವತ್ತೂ ಹೀಗೇ ಹಾಕಿಕೊಂಡಿದ್ದರಂತೆ. ದನಿಯ ತುಂಬು ಎಲ್ಲ ಸೆರಗಿನ ಸಂದಿಯಲ್ಲಿ ಸೋರಿಹೋಗಿ ಕೀಚಲು ಮಾತ್ರ ಉಳಿದಿತ್ತು. ಅದನ್ನೇ ಆಂಪ್ಲಿಫೈಯರ್ ದೊಡ್ಡದು ಮಾಡಿತ್ತು, ಪಾಪ. ಅದು ತೊಗಲಲ್ಲ, ರೆಕ್ಸಿನ್ ಎಂದೆ. ಅವರು ನಂಬಲಿಲ್ಲ. ಹಬ್ಬದ ದಿನ ವಾದ ಯಾಕೆಂದು ರೆಕ್ಸಿನ್ ಕವಚ ಬಿಚ್ಚಿ ಸ್ಪಂಜನ್ನು ಬರಿದು ಮಾಡಿದೆ. ಅತ್ತೆಯೇ ಎದ್ದು ಮಡಿಬಟ್ಟೆ ಒಣಹಾಕುವ ಗಳುವಿನಿಂದ ತೆಳ್ಳನೆಯ ಹತ್ತಿ ಬಟ್ಟೆಯೊಂದನ್ನು ಎಳೆದುಕೊಟ್ಟರು. ಅದನ್ನು ಹರಿದು ಸ್ಪಂಜಿಗೆ ಸುತ್ತಿ ಕಟ್ಟಿದೆ. ಆಂಪ್ಲಿಫೈಯರ್ ಕಳಚಿ ಪಕ್ಕಕ್ಕಿಟ್ಟೆ. ನನ್ನವರೇ ಹೆಡ್‌ಫೋನನ್ನು ಮತ್ತೆ ಡ್ಯಾಕಿಗೆ ಸಿಕ್ಕಿಸಿದರು.

ಈ ಸಲ ಅತ್ತೆ ಸೆರಗು ಸರಿಸಿ ಹಾಕಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಅವ್ರೇ ಕಣೇ," ಅಂದರು.

ನನಗೂ ಅಳು ಬಂತು. ಮಾವ ಒಂದೊಂದೇ ರಾಶಿಯ ಫಲ ಓದುತ್ತ ಹೋಗಿರಬೇಕು. ಅತ್ತೆ ನಡುನಡುವೆ ತಲೆದೂಗುತ್ತ ಕೂತಿದ್ದರು. ಅತ್ತೆಯ ರಾಶಿ ಬಂತೆಂದು ಅವರ ಮುಖದ ಮೇಲಿನ ನಾಚಿಕೆ ನೋಡಿಯೇ ಗೊತ್ತಾಯಿತು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿಯ ಅಂದಾಜು ಇರುವುದಿಲ್ಲವಲ್ಲ. ಇಡೀ ನಡುಮನೆಗೆ ಕೇಳುವಂತೆ ಅತ್ತೆ ಹೇಳಿದರು:

"ಸರಿ ಬಿಡಿ, ನಂದಾಯ್ತು. ಈ ವರ್ಷ ನಿಮ್ಗೆ ಹೇಗಿದೆ, ಅದನ್ನ ಓದಿ."