ಕಾಫಿ ಕಣದ ಮೇಲೆ ಬರೆದ ನಕ್ಷೆ

ನಾನು ಏನು ಕೆಲಸ ಮಾಡುತ್ತೇನೆಂದು ಚಿಕ್ಕಮ್ಮನಿಗೆ ವಿವರಿಸಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ. ಸೇನೆಗೆ ಸಂಪರ್ಕ ವ್ಯವಸ್ಥೆ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಸಿಸ್ಟಮ್ಸ್ ಇಂಜಿನಿಯರ್. ಆಂಟೆನಾ ಕಟ್ಟುವವರು ಬೇರೆ, ಪ್ರೋಗ್ರಾಂ ಬರೆಯುವವರು ಬೇರೆ. ನಾನು ನಕ್ಷೆ ಬರೆಯುವವಳು. ಹಾಗೆಂದಾಗಲೆಲ್ಲ ಚಿಕ್ಕಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ಚಿತ್ರ ಬಿಡ್ಸಕ್ಕೆ ಸಂಬಳ ಕೊಡ್ತಾರೇನೇ ಮಾರಾಯ್ತಿ? ಅದೂ ಮಿಲಿಟ್ರಿಯೋರು?”

ಕೊಡುತ್ತಾರೆ. ದೊಡ್ಡ ವ್ಯವಸ್ಥೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಆಗುವುದಿಲ್ಲ. ಮನೆ ಕಟ್ಟುವಾಗ ಗೋಡೆಯ ನಕ್ಷೆ ಒಂದು, ಕರೆಂಟ್ ವೈರಿನದು ಇನ್ನೊಂದು, ನೀರಿನ ಪೈಪಿನದು ಮತ್ತೊಂದು ಇರುವ ಹಾಗೆ ಇಲ್ಲಿಯೂ ಬೇರೆ ಬೇರೆ ಕಡೆಯಿಂದ ಬರೆಯಬೇಕು. ಯಾವ ಯಾವ ಕಡೆಯಿಂದ ಬರೆಯಬೇಕು, ಬರೆದದ್ದು ಒಂದಕ್ಕೊಂದು ಹೇಗೆ ತಾಳೆಯಾಗಬೇಕು ಎಂದು ಹೇಳುವ ಶಿಸ್ತಿಗೆ ನಮ್ಮಲ್ಲಿ ಆರ್ಕಿಟೆಕ್ಚರ್ ಫ್ರೇಮ್‌ವರ್ಕ್ ಎನ್ನುತ್ತಾರೆ. ಒಂದು ನಕ್ಷೆಯಲ್ಲಿ ಜನ ಮಾತ್ರ ಇರುತ್ತಾರೆ: ಯಾರು ಏನು ಮಾಡುತ್ತಾರೆ, ಯಾರು ಯಾರಿಗೆ ಏನು ತಿಳಿಸಬೇಕು ಅಂತ. ಇನ್ನೊಂದರಲ್ಲಿ ಬರೀ ಯಂತ್ರ, ಯಾವುದು ಯಾವುದಕ್ಕೆ ಜೋಡಣೆ ಅಂತ. ಯಾರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂಬುದಕ್ಕೂ ಒಂದು ನಕ್ಷೆ ಉಂಟು. ಜನರ ನಕ್ಷೆಯಲ್ಲಿರುವ ಪ್ರತಿ ಮಾತಿಗೂ ಯಂತ್ರದ ನಕ್ಷೆಯಲ್ಲಿ ಒಂದು ದಾರಿ ಇರಲೇಬೇಕು.

ನಮ್ಮ ತಂಡದ ಮುಖ್ಯಸ್ಥರಿಗೆ ಇದರಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ. ಅವರು ಆಂಟೆನಾ ಪಂಡಿತರು. ಬೆಟ್ಟ ನೋಡಿದರೆ ಸಾಕು, ಸಿಗ್ನಲ್ ಎಲ್ಲಿ ಬೀಳುತ್ತದೆ, ಎಲ್ಲಿ ಸಾಯುತ್ತದೆ ಎಂದು ಹೇಳಿಬಿಡುತ್ತಿದ್ದರು. “ನಿನ್ನ ನಕ್ಷೆ ಫೈಲಿಗೆ ಬೇಕಮ್ಮ, ನನ್ನ ಆಂಟೆನಾ ಬೆಟ್ಟಕ್ಕೆ ಬೇಕು” ಎಂದು ನಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಆ ನಗು ನನಗೆ ನಾಟುತ್ತಿತ್ತು.

ಗುಡ್ಡ ಕುಸಿದಾಗ ರಕ್ಷಣೆಗೆ ಧಾವಿಸುವ ಸೇನೆಯ ತುಕಡಿಗೆಂದು ನಾವೊಂದು ವ್ಯವಸ್ಥೆ ಮಾಡಿದ್ದೆವು. ಮೊಬೈಲ್ ಟವರುಗಳೆಲ್ಲ ಬಿದ್ದರೂ ಮುಂದೆ ಹೋಗಿ ಹುಡುಕುವವರು, ಹಿಂದೆ ಕೂತು ನಡೆಸುವವರು, ಗಾಯಾಳುಗಳನ್ನು ಸಾಗಿಸುವವರು ಪರಸ್ಪರ ಮಾತಾಡಿಕೊಳ್ಳುವಂತಿರಬೇಕು. ಅದನ್ನು ಪರೀಕ್ಷಿಸಲು ಕಡಿದಾದ ಗುಡ್ಡ, ಆಳ ಕಣಿವೆ, ದಟ್ಟ ಮಂಜು ಇರುವ ಜಾಗ ಬೇಕಿತ್ತು. ಸಭೆಯಲ್ಲಿ ನಕಾಶೆ ಬಿಚ್ಚಿದಾಗ ಸೇನೆಯ ಮೇಜರ್ ಸಾಹೇಬರ ಬೆರಳು ಹೋಗಿ ನಿಂತದ್ದು ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಯ ಮೇಲೆ. ನಾನು ಅದೇ ಸೀಮೆಯ ವಸ್ತಾರೆಯ ಹುಡುಗಿ. ಆ ಬೆರಳಿನ ಕೆಳಗೇ ನನ್ನ ಚಿಕ್ಕಮ್ಮನ ಎಸ್ಟೇಟ್ ಇದೆ ಎಂದು ಹೇಳಿದಾಗ ಇಡೀ ಸಭೆ ನನ್ನತ್ತ ತಿರುಗಿತು.

ಚಿಕ್ಕಪ್ಪ ತೀರಿಕೊಂಡ ಮೇಲೆ ತೋಟವನ್ನು ಚಿಕ್ಕಮ್ಮ ತಾವೇ ನೋಡಿಕೊಳ್ಳುತ್ತಿದ್ದಾರೆ. ಜೀಪು ಓಡಿಸುತ್ತಾರೆ, ಮೇಸ್ತ್ರಿಯ ಜೊತೆ ಜಗಳವಾಡುತ್ತಾರೆ, ಅದೇ ಮೇಸ್ತ್ರಿಯ ಮನೆಯವರಿಗೆ ಹುಷಾರಿಲ್ಲದಾಗ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಡೇರೆ ಹಾಕಿಕೊಳ್ಳಲು ಒಪ್ಪಿದರು. ಷರತ್ತು ಒಂದೇ.

“ಹಣ್ಣು ಕೊಯ್ಲು ಶುರು ಆಗೋ ಮೊದ್ಲು ಕಣ ಖಾಲಿ ಆಗ್ಬೇಕು. ಆಮೇಲೆ ನಿಮ್ ಜನರಲ್ಲು ಬಂದು ಕೇಳಿದ್ರೂ ನಂಗೆ ಆಗದಿಲ್ಲ.”

ಗಿಡಗಳಲ್ಲಿ ಅಲ್ಲಲ್ಲಿ ಹಣ್ಣು ಕೆಂಪಾಗತೊಡಗಿತ್ತು. ನಮಗೆ ಸಮಯ ಕಡಿಮೆ ಇತ್ತು.

ಅಂತಿಮ ಪರೀಕ್ಷೆಗೆ ಮೊದಲು ಒಂದು ತಾಲೀಮು ನಡೆಸಿದೆವು. ಗುಡ್ಡ ಕುಸಿದ ಜಾಗವೆಂದು ತೋಟದ ಮೇಲಿನ ಒಂದು ಇಳಿಜಾರನ್ನು ಗೊತ್ತು ಮಾಡಿದ್ದೆವು. ಅಲ್ಲಿಗೆ ಎರಡು ದಾರಿ. ಒಂದು ಹೊಳೆಯ ಪಕ್ಕದಲ್ಲಿ ಹೋಗುವುದು, ಇನ್ನೊಂದು ಗುಡ್ಡದ ಮೇಲಿನಿಂದ ಸುತ್ತಿ ಬರುವುದು. ಮೂಡಿಗೆರೆಯ ಒಂದು ಮೈದಾನದಲ್ಲಿ ಚಿಕಿತ್ಸೆಯ ಡೇರೆ. ಅಲ್ಲಿಂದ ಬಾಡಿಗೆ ಆಂಬುಲೆನ್ಸ್ ಬಂದು ‘ಗಾಯಾಳು’ವನ್ನು ಕರೆದೊಯ್ಯಬೇಕು. ಎಲ್ಲ ಚೆನ್ನಾಗಿಯೇ ಶುರುವಾಯಿತು. ಹೊಳೆಯ ದಾರಿ ಮುಚ್ಚಿದೆ ಎಂದು ಮುಂದಿನ ತುಕಡಿಯವರು ಸುದ್ದಿ ಕಳಿಸಿದರು, ಕಣದ ಡೇರೆಯ ಪರದೆಯ ಮೇಲೆ ಅದು ತಕ್ಷಣ ಬಂತು. ಅಷ್ಟಾದರೂ ಆಂಬುಲೆನ್ಸ್ ನೇರವಾಗಿ ಹೊಳೆಯ ದಾರಿಗೇ ನುಗ್ಗಿತು. ಅಡ್ಡ ಇಟ್ಟಿದ್ದ ಮರದ ದಿಮ್ಮಿಯ ಮುಂದೆ ನಿಂತು, ತಿರುಗಿಸಲು ಜಾಗವಿಲ್ಲದೆ, ಹಿಮ್ಮುಖವಾಗಿಯೇ ರಸ್ತೆಯವರೆಗೆ ಬರಬೇಕಾಯಿತು. ಸ್ಟ್ರೆಚರಿನ ಮೇಲೆ ಮಲಗಿದ್ದ ಜವಾನ ಕಾದು ಕಾದು ನಿಜವಾಗಿಯೂ ನಿದ್ದೆಹೋಗಿದ್ದ.

ಮೇಜರ್ ಧಾರವಾಡದ ಕಡೆಯವರು. ಸಿಟ್ಟನ್ನು ಮೆಲುದನಿಯಲ್ಲೇ ತೋರಿಸುವವರು. “ಖರೇ ಖರೇ ಗುಡ್ಡ ಬಿದ್ದಿದ್ರ ಈ ಹೊತ್ತಿಗೆ ಆ ಮನಿಷ್ಯಾ ಏನಾಗಿರ್ತಿದ್ದ?” ಎಂದರು.

“ಕಣಿವೆಯಲ್ಲಿ ಸಿಗ್ನಲ್ ಬಿದ್ದಿರ್ಬೇಕು. ಎದುರು ಗುಡ್ಡದ ಮೇಲೆ ಇನ್ನೊಂದು ರಿಪೀಟರ್ ನಿಲ್ಲಿಸ್ತೀನಿ” ಎಂದು ಮುಖ್ಯಸ್ಥರು, ಸಿಗ್ನಲನ್ನು ಮುಂದಕ್ಕೆ ದಾಟಿಸುವ ಆ ಪೆಟ್ಟಿಗೆ ತರಲು, ಆಗಲೇ ಎದ್ದರು.

ನಾನು ದಾಖಲೆ ತೆರೆದು ನೋಡಿದೆ. ಆಂಬುಲೆನ್ಸಿನಲ್ಲಿದ್ದ ಯಂತ್ರಕ್ಕೆ ಉದ್ದಕ್ಕೂ ಸಿಗ್ನಲ್ ಇತ್ತು. ಒಂದು ಕ್ಷಣವೂ ತಪ್ಪಿರಲಿಲ್ಲ.

“ಸರ್, ಸಿಗ್ನಲ್ ಬಿದ್ದಿಲ್ಲ. ಸುದ್ದೀನೇ ಹೋಗಿಲ್ಲ. ನಿಮ್ಮ ಆಂಟೆನಾದ್ದೇನೂ ತಪ್ಪಿಲ್ಲ.”

“ಮತ್ತೆ ಯಾರದ್ದು?”

“ನಮ್ಮ ಜನರ ನಕ್ಷೆಯದ್ದು. ಹಳೆ ಪ್ರಾಜೆಕ್ಟಿನಿಂದ ಎತ್ತಿ ತಂದಿದ್ದು ಅದು. ಅದನ್ನ ಬಯಲು ಸೀಮೆಗೆ ಬರೆದಿದ್ದು, ಅಲ್ಲಿ ಎಲ್ಲರಿಗೂ ಒಂದೇ ದಾರಿ. ದಾರಿ ಬದಲಾಯ್ತು ಅಂತ ಆಂಬುಲೆನ್ಸಿಗೆ ಹೇಳಬೇಕು ಅನ್ನೋದೇ ಅದರಲ್ಲಿ ಇಲ್ಲ. ಇವತ್ತೊಂದು ದಿನ ನನಗೆ ಕೊಡಿ. ಎಲ್ಲರನ್ನೂ ಕೂರಿಸಿ ಹೊಸದಾಗಿ ಬರೀತೀನಿ.”

ಹೊಸ ನಕ್ಷೆ ಬೇಕೆಂದು ಮೊದಲ ಸಭೆಯಲ್ಲೇ ಕೇಳಿದ್ದೆ, ಸಮಯವಿಲ್ಲವೆಂದು ಹೇಳಿದ್ದರು. ಅದನ್ನು ಈಗ ಎತ್ತಿ ಆಡಲಿಲ್ಲ. ಮುಖ್ಯಸ್ಥರು ಮೇಜರ್ ಮುಖ ನೋಡಿದರು. ಮೇಜರ್ ತಲೆಯಾಡಿಸಿದರು.

ಲ್ಯಾಪ್‌ಟಾಪಿನ ಪುಟ್ಟ ಪರದೆಯ ಸುತ್ತ ಅಷ್ಟು ಜನರನ್ನು ಕೂರಿಸಲು ಆಗುತ್ತಿರಲಿಲ್ಲ. ಡೇರೆಯ ಹೊರಗೆ ಅಷ್ಟಗಲ ಕಣ ಗುಡಿಸಿ ಬಿದ್ದಿತ್ತು. ಚಿಕ್ಕಮ್ಮನ ಮನೆಯಿಂದ ರಂಗೋಲಿ ಪುಡಿಯ ಡಬ್ಬಿ ತಂದು ಕಣದ ಮೇಲೆ ದೊಡ್ಡ ದೊಡ್ಡ ವೃತ್ತ ಎಳೆದೆ. ಹುಡುಕುವ ತುಕಡಿಗೊಂದು, ನಡೆಸುವ ಡೇರೆಗೊಂದು, ರಸ್ತೆ ತೆರವು ಮಾಡುವವರಿಗೊಂದು, ಆಂಬುಲೆನ್ಸಿಗೆ, ವೈದ್ಯರಿಗೆ. ಆಯಾ ಕೆಲಸದವರನ್ನು ಆಯಾ ವೃತ್ತದೊಳಗೆ ನಿಲ್ಲಿಸಿದೆ. ವೈದ್ಯರು ಮಾತ್ರ ಮೂಡಿಗೆರೆಯಲ್ಲಿದ್ದರು. ಆ ವೃತ್ತ ಖಾಲಿ ಉಳಿಯಿತು.

ಅಂಗಳದ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಮ್ಮನನ್ನು ಕರೆದೆ. “ಚಿಕ್ಕಮ್ಮ, ಬನ್ನಿ. ನೀವೇ ಡಾಕ್ಟ್ರು.”

“ನಾನಾ! ಇಂಜೆಕ್ಷನ್ ಕಂಡ್ರೆ ಓಡೋಳು ನಾನು” ಎನ್ನುತ್ತಲೇ ಅವರು ಸೆರಗು ಸರಿಮಾಡಿಕೊಂಡು ಬಂದು ವೃತ್ತದ ನಡುವೆ ಗಂಭೀರವಾಗಿ ನಿಂತುಬಿಟ್ಟರು. ಜವಾನರೆಲ್ಲ ಚಪ್ಪಾಳೆ ತಟ್ಟಿದರು.

ಆಟ ಶುರುವಾಯಿತು. ನಿಯಮ ಸರಳ. ಯಾರಿಗೆ ಏನು ಗೊತ್ತಾಯಿತೋ ಅದನ್ನು ಯಾರಿಗೆ ಹೇಳುತ್ತೀರಿ ಎಂದು ಜೋರಾಗಿ ಹೇಳಬೇಕು. ಹೇಳಿದರೆ ಅಲ್ಲಿಂದ ಇಲ್ಲಿಗೆ ನಾನೊಂದು ಗೆರೆ ಎಳೆಯುತ್ತೇನೆ. ಗೆರೆಯಿಲ್ಲದೆ ಯಾರೂ ಹೆಜ್ಜೆ ಇಡುವಂತಿಲ್ಲ. ಹೊಳೆಯ ದಾರಿ ಮುಚ್ಚಿದೆ ಎಂದು ಹುಡುಕುವ ತುಕಡಿಯ ಸುಬೇದಾರರು ಕೂಗಿದರು. ಡೇರೆಗೆ ಒಂದು ಗೆರೆ. ಡೇರೆಯವರು ರಸ್ತೆ ತೆರವಿನವರಿಗೆ ಹೇಳಿದರು. ಇನ್ನೊಂದು ಗೆರೆ. ಅಲ್ಲಿಗೆ ಮಾತು ನಿಂತಿತು. ಎಲ್ಲರೂ ಆಂಬುಲೆನ್ಸಿನ ವೃತ್ತ ನೋಡಿದರು. ಅದಕ್ಕೆ ಒಂದು ಗೆರೆಯೂ ಬಂದಿರಲಿಲ್ಲ.

ಮೂಡಿಗೆರೆಯ ಡ್ರೈವರ್ ಅದರೊಳಗೆ ಕೈಕಟ್ಟಿಕೊಂಡು ನಿಂತಿದ್ದರು. “ನಂಗೆ ಯಾರು ಹೇಳ್ತೀರಿ ಮೇಡಂ? ನಾ ಬರ್ತಾ ಇದೀನಿ.”

ಡೇರೆಯವರು ರಸ್ತೆಯವರತ್ತ ನೋಡಿದರು, ರಸ್ತೆಯವರು ಡೇರೆಯವರತ್ತ. ಇನ್ನೊಬ್ಬರು ಹೇಳಿರುತ್ತಾರೆ ಎಂದು ಇಬ್ಬರೂ ತಿಳಿದಿದ್ದರು. ಅಷ್ಟರಲ್ಲಿ ಚಿಕ್ಕಮ್ಮನೂ ದನಿ ಎತ್ತಿದರು. “ನಂಗೂ ಯಾರೂ ಏನೂ ಹೇಳ್ಲಿಲ್ಲ. ನಾನೇನು ಕಾಯ್ತಾ ಕೂತ್ಕಳ್ಳದಾ?”

ಕಣ ನಗೆಯಿಂದ ತುಂಬಿಹೋಯಿತು. ಮೇಜರ್ ಮಾತ್ರ ನಗದೆ ವೃತ್ತದಿಂದ ವೃತ್ತಕ್ಕೆ ನಡೆದು ಗೆರೆಗಳನ್ನೆಲ್ಲ ನೋಡಿಬಂದರು. ಫೈಲಿನೊಳಗೆ ಯಾರೂ ತೆರೆಯದೆ ಮಲಗಿರುತ್ತಿದ್ದ ನನ್ನ ಕೆಲಸದ ಮೇಲೆ ಇಂದು ಬೂಟುಕಾಲಿನ ಜನ ನಿಂತು ತಮ್ಮ ತಮ್ಮ ಗೆರೆ ಕೇಳುತ್ತಿದ್ದರು.

“ಗೆರಿ ಎಳೀರಿ” ಎಂದರು ಮೇಜರ್ ಕೊನೆಗೆ. “ಆದ್ರ ಒಂದು ಮಾತು. ಆಂಬುಲೆನ್ಸು, ಡಾಕ್ಟ್ರು, ಎರಡೂ ಹೊರಗಿನವ್ರು. ನಮ್ಮ ಹುಡುಗ್ರು ಎಲ್ಲೆಲ್ಲಿ ನಿಂತಾರ ಅನ್ನೂದು ಅವರ ಪರದೆ ಮ್ಯಾಲೆ ಕಾಣಬಾರ್ದು. ಅದನ್ನ ನಾ ಒಪ್ಪಂಗಿಲ್ಲ.”

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಯಾರು ಏನು ನೋಡಬಹುದು ಎಂಬ ನಕ್ಷೆ ಇರುವುದೇ ಇದಕ್ಕೆ. “ಕಾಣಲ್ಲ ಸರ್. ಅವರಿಗೆ ಬೇಕಾಗಿರೋದು ಇಷ್ಟೇ: ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ. ಜಾಗದ ನಕಾಶೆ ಹೋಗೋದೇ ಇಲ್ಲ. ದಾರಿಯ ಹೆಸರು ಮಾತ್ರ ಹೋಗುತ್ತೆ. ಡ್ರೈವರ್ ‘ಗೊತ್ತಾಯ್ತು’ ಅಂತ ಗುಂಡಿ ಒತ್ತೋವರೆಗೂ ನಮ್ಮ ಡೇರೆಯ ಪರದೆ ಮೇಲೆ ಕೆಂಪು ದೀಪ ಇರುತ್ತೆ.”

ಮೇಜರ್ ಆಂಬುಲೆನ್ಸಿನ ವೃತ್ತದತ್ತ ಕೈ ತೋರಿದರು. “ಹಾಂಗಾದ್ರ ಮಾಡ್ರಿ.”

ಅಂದೇ ಯಂತ್ರದ ನಕ್ಷೆಯನ್ನೂ ಇದಕ್ಕೆ ತಾಳೆಮಾಡಿದೆ. ಹೊಸ ಪೆಟ್ಟಿಗೆ ಒಂದೂ ಬೇಕಾಗಲಿಲ್ಲ, ಇದ್ದ ದಾರಿಯಲ್ಲೇ ಸುದ್ದಿ ಹರಿಯಬಹುದಿತ್ತು. ಪ್ರೋಗ್ರಾಂ ಬರೆಯುವ ಇಬ್ಬರು ಚಿಕ್ಕಮ್ಮನ ಊಟದ ಮೇಜನ್ನು ಆಕ್ರಮಿಸಿಕೊಂಡು ಕೂತರು. ಎದುರು ಗುಡ್ಡಕ್ಕೆ ರಿಪೀಟರ್ ಹೊರುವುದನ್ನು ಮುಖ್ಯಸ್ಥರು ಕೈಬಿಟ್ಟು, ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದರು. “ಇದನ್ನ ಓದೋದು ಹೇಗೆ, ಮೊದಲಿಂದ ಹೇಳು” ಎಂದರು. ಸಾಲು ಸಾಲಾಗಿ ಹೇಳಿದೆ. ಪೂರ್ತಿ ಕೇಳಿದರು.

ಅಂತಿಮ ಪರೀಕ್ಷೆಯ ಬೆಳಿಗ್ಗೆ ಎದುರಿಗಿದ್ದವರ ಮುಖವೂ ಕಾಣದಷ್ಟು ಮಂಜು. ದೆಹಲಿಯಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಮಫ್ಲರ್ ಸುತ್ತಿಕೊಂಡು ಡೇರೆಯಲ್ಲಿ ಕೂತಿದ್ದರು. ಆಂಬುಲೆನ್ಸ್ ಮೂಡಿಗೆರೆ ಬಿಟ್ಟಿತೆಂಬ ಸುದ್ದಿ ಬಂತು. ಹೊಳೆಯ ದಾರಿ ಮುಚ್ಚಿದೆ ಎಂದು ಸುಬೇದಾರರು ಸುದ್ದಿ ಕಳಿಸಿದರು. ಕೆಂಪು ದೀಪ ಹೊತ್ತಿತು, ಮರುಕ್ಷಣ ಹಸಿರಾಯಿತು. ಡ್ರೈವರ್ ಗುಂಡಿ ಒತ್ತಿದ್ದರು.

ಆಗ ಆ ಹಿರಿಯರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಪಟ್ಟನ್ನು ಹಾಕಿದರು. ಹೊಳೆಯ ದಾರಿಯಲ್ಲಿದ್ದ ದಿಮ್ಮಿ ತೆಗೆಸಿ, ಗುಡ್ಡದ ದಾರಿಗೆ ಅಡ್ಡಲಾಗಿ ಸೇನೆಯ ಲಾರಿಯೊಂದನ್ನು ನಿಲ್ಲಿಸಿಬಿಟ್ಟರು. ಆಂಬುಲೆನ್ಸ್ ಆಗಲೇ ಕೊಟ್ಟಿಗೆಹಾರ ದಾಟಿತ್ತು. ರಸ್ತೆ ತೆರವಿನವರು ಲಾರಿ ಕಂಡ ಕೂಡಲೇ ಗುಡ್ಡದ ದಾರಿ ಮುಚ್ಚಿದೆ, ಹೊಳೆಯದು ತೆರೆದಿದೆ ಎಂದು ಸುದ್ದಿ ಹಾಕಿದರು. ಕೆಂಪು ದೀಪ. ಮುಖ್ಯಸ್ಥರು ನನ್ನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದರು.

ಹಸಿರು.

ಮಂಜಿನೊಳಗಿಂದ ಸೈರನ್ ಕೇಳಿತು. ಕೆಳಗೆ, ಹೊಳೆಯ ಕಡೆಯಿಂದ. ಒಂದು ಸಲವೂ ನಿಲ್ಲದೆ, ಹಿಂದೆ ಸರಿಯದೆ ಆಂಬುಲೆನ್ಸ್ ಇಳಿಜಾರಿನ ಬುಡಕ್ಕೆ ಬಂದು ನಿಂತಿತು. ಸ್ಟ್ರೆಚರ್ ಏರಿತು, ಬಾಗಿಲು ಮುಚ್ಚಿತು, ಗಾಡಿ ಹೊರಟಿತು. ಯಾವ ದಾರಿಯಲ್ಲಿ ಬರುತ್ತಿದೆ ಎಂಬುದು ತಮಗೂ ತಿಳಿಯಿತೆಂದು ಮೂಡಿಗೆರೆಯಿಂದ ವೈದ್ಯರ ದನಿ ಸ್ಪಷ್ಟವಾಗಿ ಕೇಳಿಬಂತು.

ಡೇರೆಯಲ್ಲಿ ಎದ್ದ ಕೂಗಿಗೆ ಕಣದ ಅಂಚಿನಲ್ಲಿದ್ದ ಕೋಳಿಗಳೆಲ್ಲ ದಿಕ್ಕಾಪಾಲಾದವು. ಸುಬೇದಾರರು ರೇಡಿಯೋದಲ್ಲೇ ಜೈಕಾರ ಹಾಕಿದರು. ಹಿರಿಯ ಅಧಿಕಾರಿ ಮಫ್ಲರ್ ಬಿಚ್ಚಿ, ಈ ನಕ್ಷೆ ಬರೆದವರು ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು ನನ್ನ ಭುಜದ ಮೇಲೆ ಕೈಯಿಟ್ಟು ಮುಂದೆ ನೂಕಿದರು. “ಇವಳು ಸರ್. ನಾನು ಗುಡ್ಡ ಹತ್ತೋಕೆ ಹೊರಟಿದ್ದೆ, ಇವಳು ತಡೆದಳು.” ಹಿರಿಯರು ಎದ್ದುನಿಂತು ನನ್ನ ಕೈ ಕುಲುಕಿದರು. ವ್ಯವಸ್ಥೆಯನ್ನು ಒಪ್ಪಿಕೊಂಡಿದ್ದೇವೆ ಎಂದು ಅಲ್ಲೇ, ಎಲ್ಲರೆದುರು ಹೇಳಿದರು.

ಮೇಜರ್ ಹತ್ತಿರ ಬಂದು, “ಭಾಳ ಛಲೋ ಆತು” ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು. ಚಿಕ್ಕಮ್ಮ ತಮ್ಮ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಗೆ ನನಗೆ ಕೇಳುವಂತೆಯೇ ಹೇಳುತ್ತಿದ್ದರು: “ನಮ್ ಅಕ್ಕನ ಮಗ್ಳು. ಮಿಲಿಟ್ರಿಯೋರು ಇವ್ಳು ಗೆರೆ ಎಳ್ದಂಗೆ ನಡೀತಾರೆ, ಗೊತ್ತುಂಟಾ?”

ಮಧ್ಯಾಹ್ನದ ಹೊತ್ತಿಗೆ ಡೇರೆ ಬಿಚ್ಚಿ, ಕಣ ತೊಳೆದು ಬಿಟ್ಟುಕೊಟ್ಟೆವು. ಆಮೇಲೆ ಮಂಜು ಕರಗಿದ ಬಿಸಿಲಿನಲ್ಲಿ ಇಡೀ ದಂಡು ನೀರುದೋಸೆ ತಿನ್ನಲು ಕೊಟ್ಟಿಗೆಹಾರಕ್ಕೆ ಇಳಿಯಿತು. ಹೋಟೆಲಿನ ಬೆಂಚುಗಳು ಸಾಲದೆ ಕೆಲವರು ಹೊರಗೆ ನಿಂತೇ ತಿಂದರು. ಡ್ರೈವರ್ ಮೂಡಿಗೆರೆಯಿಂದ ವಾಪಸು ಬಂದು ಸೇರಿಕೊಂಡಾಗ ಎಲ್ಲರೂ ಎದ್ದು ಜಾಗ ಕೊಟ್ಟರು. ಮುಖ್ಯಸ್ಥರು ತಮ್ಮ ಎಲೆಯನ್ನು ಎತ್ತಿಕೊಂಡು ಬಂದು ನನ್ನೆದುರು ಕೂತರು. ಮುಂದಿನ ಕೆಲಸ ಕಡಲ ತೀರದ್ದು, ದೋಣಿಗಳ ನಡುವಿನ ಸಂಪರ್ಕ.

“ಆಂಟೆನಾ ಇನ್ನೂ ಆರಿಸಿಲ್ಲ” ಎಂದರು, ದೋಸೆಯನ್ನು ಚಟ್ನಿಗೆ ಅದ್ದುತ್ತ. “ಮೊದಲು ಯಾರ ಯಾರ ಹತ್ರ ಮಾತಾಡಬೇಕು ಹೇಳು.”

ನನ್ನ ಬಾಯಿ ತುಂಬಿತ್ತು. ಕಾಯಿರಿ ಎಂದು ಎಡಗೈಯಲ್ಲಿ ಸನ್ನೆ ಮಾಡಿದೆ. ಅವರು ಕಾದರು.